ದಾಮೋದರನನ್ನು ಕಂಠದಲ್ಲಿ ಧರಿಸಿದ ಗೌರೀಮಾತೆ

ಕಾರ್ತೀಕ ಮಾಸಕ್ಕೆ ದಾಮೋದರರೂಪಿ ಭಗವಂತನು ನಿಯಾಮಕನೆಂಬುದು ಆಸ್ತಿಕ ಬಂಧುಗಳೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಈ ಮಾಸದಲ್ಲಿ ನಮ್ಮ ಮನೆಗಳ ಮಾತೆಯರು ನಸುಕಿನಲ್ಲೆದ್ದು ಸ್ನಾನಮಾಡಿ, ತುಳಸೀಕಟ್ಟೆಯ ಮುಂದೆ ದೀಪವನ್ನಿಟ್ಟು, ಕಾರ್ತೀಕ ದಾಮೋದರನನ್ನು ಸ್ಮರಿಸುತ್ತಾರೆ. ಉತ್ಥಾನ ದ್ವಾದಶಿಯಂದು ತುಳಸಿಯ ವಿವಾಹವನ್ನು ಸಂಭ್ರಮದಿಂದ ನಡೆಸುತ್ತಾರೆ. ದಾಮವೆಂದರೆ ಹಗ್ಗ, ಉದರದಲ್ಲಿ ಹಗ್ಗವುಳ್ಳವನು ದಾಮೋದರ. ಯಶೋದೆಯು ಎಷ್ಟು ಹಗ್ಗವನ್ನು ತಂದು ಜೋಡಿಸಿದರೂ ಎರಡಂಗುಲ ಸಾಲದಾಯಿತೆಂದೂ, ಆಕೆಯು ಬೆವೆತು ಬಳಲಿದುದನ್ನು ಕಂಡು ಸ್ವಾಮಿಯು ತಾನಾಗಿಯೇ ಕಟ್ಟಿಸಿಕೊಂಡನೆಂದೂ ಭಾಗವತದ ದಶಮಸ್ಕಂಧದಲ್ಲಿ ಕೇಳಿದ್ದೇವೆ. ಜಗತ್ತನ್ನೇ ಬಂಧಿಸಿ ಬಿಡಿಸುವವನು ಒಬ್ಬ ತಾಯಿಯ ಶ್ರಮಕ್ಕೆ ಕಟ್ಟುಬಿದ್ದನು.

ಇಂತಹ ದಾಮೋದರನನ್ನು ಬಾಲ್ಯದಲ್ಲಿಯೇ ತನ್ನ ಸರ್ವಸ್ವವೆಂದು ಸ್ವೀಕರಿಸಿ, ಅವನಿಗಾಗಿ ಮನೆಯನ್ನು ಬಿಟ್ಟು, ಹಿಮಾಲಯದಿಂದ ಸಮುದ್ರತೀರದವರೆಗೆ ಅವನನ್ನು ಕೊರಳಲ್ಲಿ ಕಟ್ಟಿಕೊಂಡು ನಡೆದು, ಕೊನೆಗೆ ಅನಾಥೆಯರಾದ ನೂರಾರು ಹೆಣ್ಣುಮಕ್ಕಳಿಗೆ ಮನೆಯೊಂದನ್ನು ಕಟ್ಟಿಕೊಟ್ಟ ಮಹಿಳೆಯೊಬ್ಬರು ವಂಗದೇಶದಲ್ಲಿ ಆಗಿಹೋದರು. ಅವರೇ ಶ್ರೀ ಶಾರದೇಶ್ವರೀ ಆಶ್ರಮದ ಸ್ಥಾಪಕಿಯಾದ ಗೌರೀಮಾತೆಯವರು. ಬಂಗಾಳದವರು ಅವರನ್ನು ಗೌರೀಮಾ ಎಂದು ಕರೆಯುತ್ತಾರೆ. ಕಾರ್ತೀಕದ ಈ ಪುಣ್ಯದಿನಗಳಲ್ಲಿ ಅವರ ಚರಿತ್ರೆಯನ್ನು ಸಂಗ್ರಹವಾಗಿ ಓದುಗರ ಮುಂದಿಡಲು ಯತ್ನಿಸಿದೆ.

ಅವರು ಶ್ರೀರಾಮಕೃಷ್ಣ ಪರಮಹಂಸರ ಶಿಷ್ಯೆ. ಆ ಪರಂಪರೆಯ ತತ್ತ್ವವಿಚಾರಕ್ಕೂ ನಮ್ಮ ಸಿದ್ಧಾಂತಕ್ಕೂ ಇರುವ ಭೇದವು ಸುಜ್ಞರಿಗೆ ತಿಳಿದದ್ದೇ. ಅದರ ವಿಮರ್ಶೆಗೆ ಇದು ಸ್ಥಳವಲ್ಲ. ಆದರೆ ಗೌರೀಮಾತೆಯವರು ಬೆಳೆದದ್ದು ಶ್ರೀಚೈತನ್ಯರ ಕೃಷ್ಣಭಕ್ತಿಯು ಮನೆಮನೆಯಲ್ಲಿ ಹರಡಿದ್ದ ನಾಡಿನಲ್ಲಿ. ಚೈತನ್ಯರು ದಕ್ಷಿಣ ಯಾತ್ರೆಯಲ್ಲಿ ಉಡುಪಿಗೆ ಬಂದು ಶ್ರೀಕೃಷ್ಣನ ದರ್ಶನಮಾಡಿದ ವಿಷಯವು ಚೈತನ್ಯಚರಿತಾಮೃತದಲ್ಲಿ ವರ್ಣಿತವಾಗಿದೆ. ಗೌಡೀಯ ವೈಷ್ಣವರು ತಮ್ಮ ಗುರುಪರಂಪರೆಯನ್ನು ಶ್ರೀಮಧ್ವಾಚಾರ್ಯರ ಮೂಲಕ ಎಣಿಸುವವರು. ಆದುದರಿಂದ ಈ ಮಾತೆಯ ಚರಿತ್ರೆಯು ನಮಗೆ ತೀರ ದೂರದ್ದಲ್ಲ.

ಜನನ ಮತ್ತು ಬಾಲ್ಯ

ಗೌರೀಮಾತೆಯವರು 1857ರಲ್ಲಿ ಕಲಕತ್ತೆಗೆ ಎದುರಾಗಿ ಗಂಗೆಯ ಆಚೆ ದಡದಲ್ಲಿರುವ ಹೌರಾದ ಶಿವಪುರದಲ್ಲಿ ಜನಿಸಿದರು. ಅವರ ಮೊದಲ ಹೆಸರು ಮೃಡಾನೀ. ತಂದೆ ಪಾರ್ವತೀಚರಣ ಚಟ್ಟೋಪಾಧ್ಯಾಯರು ದೇವತಾರ್ಚನೆಯನ್ನು ಮುಗಿಸದೆ ಕೆಲಸಕ್ಕೆ ಹೊರಡದ ಸಂಪ್ರದಾಯಸ್ಥ ಬ್ರಾಹ್ಮಣರು. ತಾಯಿ ಗಿರಿಬಾಲಾದೇವಿಯವರು ಆ ಕಾಲದ ಸ್ತ್ರೀಯರಲ್ಲಿ ಅಪರೂಪವೆನ್ನಬಹುದಾದ ವಿದ್ಯಾವತಿ. ಬಂಗಾಳಿಯಲ್ಲದೆ ಸಂಸ್ಕೃತವನ್ನೂ ಬಲ್ಲವರಾಗಿದ್ದು, ದೇವರನಾಮಗಳನ್ನು ತಾವೇ ರಚಿಸಿ ಹಾಡುತ್ತಿದ್ದರು. ಕಲಕತ್ತೆಯ ಭವಾನೀಪುರದಲ್ಲಿ ತಮಗೆ ತಾಯಿಯ ಕಡೆಯಿಂದ ಬಂದ ಆಸ್ತಿಯ ಆಡಳಿತವನ್ನು ಸ್ವತಃ ನೋಡಿಕೊಳ್ಳುತ್ತಿದ್ದರು. ಆದ್ದರಿಂದ ಮೃಡಾನಿಯ ಬಾಲ್ಯವು ಬಹುಮಟ್ಟಿಗೆ ಭವಾನೀಪುರದಲ್ಲಿಯೇ ಕಳೆಯಿತು. ಹೆಂಗಸು ಓದಬಹುದು, ಲೆಕ್ಕವಿಡಬಹುದು, ಮನೆತನವನ್ನು ನಡೆಸಬಹುದು, ಹಾಗಿದ್ದೂ ದೇವರ ಮುಂದೆ ತಲೆಬಾಗಬಹುದೆಂಬುದನ್ನು ಆ ಬಾಲಿಕೆಗೆ ಯಾರೂ ಉಪದೇಶಿಸಬೇಕಾಗಲಿಲ್ಲ. ತಾಯಿಯನ್ನು ನೋಡಿಯೇ ಕಲಿತಳು.

ಆಕೆಯನ್ನು ಭವಾನೀಪುರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಸೇರಿಸಿದರು. ಕಲಕತ್ತೆಯ ಬಿಷಪ್ ಮಿಲ್ಮನ್ನರ ಸೋದರಿಯು ಆ ಶಾಲೆಯನ್ನು ನಡೆಸುತ್ತಿದ್ದರು. ಬಾಲಿಕೆಯು ಪಾಠದಲ್ಲಿ ಮುಂದಿದ್ದಳು. ಆದರೆ ಮತದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗ ಶಾಲೆಯನ್ನು ಬಿಟ್ಟುಬಂದಳು. ಬಿಟ್ಟದ್ದು ಶಾಲೆಯನ್ನೇ ಹೊರತು ಓದನ್ನಲ್ಲ. ಮನೆಯಲ್ಲಿಯೇ ಅನೇಕ ಸ್ತೋತ್ರಗಳನ್ನೂ, ಗೀತೆಯನ್ನೂ, ಚಂಡೀಪಾಠವನ್ನೂ ಕಂಠಸ್ಥಮಾಡಿಕೊಂಡು, ಬಂಗಾಳದಲ್ಲಿ ಪ್ರಸಿದ್ಧವಾದ ಮುಗ್ಧಬೋಧವೆಂಬ ವ್ಯಾಕರಣವನ್ನು ಅಭ್ಯಸಿಸಿದಳು. ವಿದ್ಯೆಯು ಅವಶ್ಯಕವೇ, ಆದರೆ ಅದಕ್ಕಾಗಿ ಸ್ವಧರ್ಮವನ್ನು ಅಡವಿಡಬೇಕಾಗಿಲ್ಲ. ಮುಂದೆ ಆಕೆಯು ಕಟ್ಟಿದ ಸಂಸ್ಥೆಯ ಬೀಜವನ್ನು ಈ ಚಿಕ್ಕ ಪ್ರಸಂಗದಲ್ಲಿಯೇ ಕಾಣಬಹುದು.

ಸುಮಾರು ಹತ್ತನೆಯ ವಯಸ್ಸಿನಲ್ಲಿ, ದಕ್ಷಿಣೇಶ್ವರದ ಸಮೀಪದ ಗ್ರಾಮವೊಂದರಲ್ಲಿ, ಬ್ರಾಹ್ಮಣರೊಬ್ಬರು ಆಕೆಗೆ ಮಂತ್ರೋಪದೇಶ ಮಾಡಿದರು. ಅಂದು ರಾಸಪೂರ್ಣಿಮೆ, ಎಂದರೆ ನಮ್ಮ ಕಾರ್ತೀಕ ಪೂರ್ಣಿಮೆ. ಆ ಬ್ರಾಹ್ಮಣರು ಶ್ರೀರಾಮಕೃಷ್ಣರೇ ಆಗಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ದಾಮೋದರ ಪ್ರಾಪ್ತಿ

ಇದಾದ ನಂತರ ವೃಂದಾವನದಿಂದ ಬಂದ ವೈಷ್ಣವ ಸ್ತ್ರೀಯೊಬ್ಬರು ಇವರ ಮನೆಯಲ್ಲಿ ಅತಿಥಿಯಾಗಿ ತಂಗಿದ್ದರು. ಅವರ ಬಳಿ ನಿತ್ಯವೂ ಪೂಜೆಗೊಳ್ಳುತ್ತಿದ್ದ ನಾರಾಯಣಶಿಲೆಯೊಂದಿತ್ತು. ಅದಕ್ಕೆ ದಾಮೋದರನೆಂದು ಹೆಸರು. ಬಾಲಿಕೆಯ ಭಕ್ತಿಯನ್ನು ನೋಡಿದ ಆ ತಾಯಿಯು, ಇದು ತನ್ನ ಇಹಪರಗಳ ಸರ್ವಸ್ವವೆಂದೂ, ಸಾಕ್ಷಾತ್ ಚೈತನ್ಯಮೂರ್ತಿಯೆಂದೂ, ಈ ಸ್ವಾಮಿಯು ನಿನ್ನ ಪೂಜೆಯನ್ನು ಬಯಸಿದ್ದಾನೆಂದೂ ತಿಳಿಸಿ, ಶಿಲೆಯನ್ನು ಮೃಡಾನಿಯ ಕೈಗೆ ಒಪ್ಪಿಸಿ ಹೊರಟುಹೋದರು. ಅಂದಿನಿಂದ ಎಪ್ಪತ್ತು ವರ್ಷಗಳ ಕಾಲ ಆ ಪೂಜೆಯೇ ಅವರ ಜೀವನದ ನಡುಗಂಬವಾಯಿತು.

ನಮ್ಮ ಸಂಪ್ರದಾಯದಲ್ಲಿ ಸ್ತ್ರೀಯರು ಸಾಲಿಗ್ರಾಮವನ್ನು ಮುಟ್ಟಿ ಪೂಜಿಸುವ ಪದ್ಧತಿಯಿಲ್ಲ. ದೇವರ ಮನೆಯನ್ನು ಸಾರಿಸಿ ರಂಗವಲ್ಲಿಯನ್ನಿಟ್ಟು, ಹೂವು ತುಳಸಿಗಳನ್ನು ಅಣಿಮಾಡಿ, ಮಡಿಯಲ್ಲಿ ನೈವೇದ್ಯವನ್ನು ಸಿದ್ಧಗೊಳಿಸುವುದೇ ಅವರ ಸೇವೆ. ಆ ಸೇವೆಯಿಲ್ಲದೆ ಯಾವ ಮನೆಯಲ್ಲೂ ಪೂಜೆ ನಡೆಯುವುದಿಲ್ಲವೆಂಬುದು ಪೂಜೆಮಾಡುವ ಗಂಡಸರಿಗೆಲ್ಲ ಗೊತ್ತು. ಗೌರೀಮಾತೆಯವರಿಗೆ ಶಿಲೆಯು ಬಂದ ಬಗೆಯೇ ಬೇರೆ; ಅವರು ನಡೆಸಿದ ವ್ರತವೂ ಬೇರೆ. ಇಲ್ಲಿ ನಾವು ಗಮನಿಸಬೇಕಾದದ್ದು ಅಧಿಕಾರದ ಚರ್ಚೆಯನ್ನಲ್ಲ, ನಿಷ್ಠೆಯ ಪ್ರಮಾಣವನ್ನು. ಜ್ವರ ಬಂದರೂ, ಹಿಮ ಬಿದ್ದರೂ, ತಿನ್ನಲು ಏನೂ ಇಲ್ಲದಿದ್ದರೂ, ದಾಮೋದರನ ಪೂಜೆಯೊಂದು ತಪ್ಪಬಾರದೆಂಬುದು ಅವರ ನಿಯಮವಾಗಿತ್ತು.

ವಿವಾಹದ ಸಂಕಟ

ಆ ಕಾಲದ ರೂಢಿಯಂತೆ ಮನೆಯವರು ವಿವಾಹದ ಯತ್ನವನ್ನು ಆರಂಭಿಸಿದರು. ಬಾಲಿಕೆಯು ತಾನು ದಾಮೋದರನಿಗೆ ಸಲ್ಲಿಸಲ್ಪಟ್ಟವಳೆಂದೂ, ಮರಣವಿಲ್ಲದ ಪತಿಯನ್ನಲ್ಲದೆ ಬೇರೊಬ್ಬನನ್ನು ವರಿಸುವುದಿಲ್ಲವೆಂದೂ ಹಟ ಹಿಡಿದಳು. ಹುಡುಗಾಟಿಕೆಯ ಮಾತೆಂದು ಹಿರಿಯರು ತಿಳಿದರು. ಹದಿಮೂರನೆಯ ವಯಸ್ಸಿನಲ್ಲಿ ಆಕೆಯ ಅಕ್ಕನ ಗಂಡನಿಗೇ ಆಕೆಯನ್ನೂ ಕೊಡುವುದೆಂದು ನಿಶ್ಚಯವಾಯಿತು. ಒಬ್ಬನಿಗೆ ಹಲವರು ಪತ್ನಿಯರಾಗುವುದು ಅಂದಿನ ಬಂಗಾಳದ ಕುಲೀನ ಬ್ರಾಹ್ಮಣರಲ್ಲಿ ಸಾಮಾನ್ಯವಾಗಿತ್ತು. ವಿವಾಹದ ರಾತ್ರಿ ಮೃಡಾನಿಯು ದಾಮೋದರನೊಡನೆ ಕೋಣೆಯೊಳಗೆ ಸೇರಿ ಕದವಿಕ್ಕಿಕೊಂಡಳು. ಬೆದರಿಕೆಗೂ ಬೇಡಿಕೆಗೂ ಕದವು ತೆರೆಯಲಿಲ್ಲ. ಕೊನೆಗೆ ತಾಯಿ ಬಂದರು. ಮಗಳ ಕಣ್ಣೀರನ್ನೂ ನಿಶ್ಚಯವನ್ನೂ ನೋಡಿ, ತಾವೇ ಮುಂದಾಗಿ ಆಕೆಯು ಮನೆಯಿಂದ ತಪ್ಪಿಸಿಕೊಂಡು ಹೋಗಲು ಸಹಾಯ ಮಾಡಿದರು.

ಆ ತಾಯಿಯ ಸ್ಥಿತಿಯನ್ನು ಕ್ಷಣಕಾಲ ಯೋಚಿಸಬೇಕು. ಹೊರಗೆ ನೆಂಟರು ಕುಳಿತಿದ್ದಾರೆ, ಲಗ್ನವು ಮೀರುತ್ತಿದೆ, ಮನೆಯ ಮಾನವು ಹೋಗುತ್ತಿದೆ. ಒಳಗೆ ಮಗಳು ದೇವರನ್ನು ಎದೆಗವಚಿಕೊಂಡು ಕುಳಿತಿದ್ದಾಳೆ. ಮಗಳನ್ನು ಲೋಕಕ್ಕೆ ಒಪ್ಪಿಸಲೋ, ದೇವರಿಗೆ ಒಪ್ಪಿಸಲೋ ಎಂಬ ಪ್ರಶ್ನೆಗೆ ಆಕೆಯು ಒಂದೇ ರಾತ್ರಿಯಲ್ಲಿ ಉತ್ತರ ಹೇಳಬೇಕಾಗಿತ್ತು. ಗಿರಿಬಾಲಾದೇವಿಯವರು ಅಂದು ಕದವನ್ನು ಒಡೆಸಿದ್ದರೆ ಮುಂದಿನ ಆಶ್ರಮವೂ ಇರುತ್ತಿರಲಿಲ್ಲ, ಈ ಚರಿತ್ರೆಯೂ ಇರುತ್ತಿರಲಿಲ್ಲ.

ಹುಡುಗಿಯನ್ನು ಹುಡುಕಿ ಮನೆಗೆ ಕರೆತಂದರು. ಆದರೆ ಆಕೆಯ ಮನಸ್ಸು ಮನೆಯಲ್ಲಿ ನಿಲ್ಲಲಿಲ್ಲ. 1875ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಬಂಧುಗಳೊಡನೆ ಗಂಗಾಸಾಗರದ ಯಾತ್ರೆಗೆ ಹೋದಾಗ, ಜನಸಂದಣಿಯಲ್ಲಿ ಅವರಿಂದ ಬೇರ್ಪಟ್ಟು, ಉತ್ತರದೇಶದ ಸಾಧುಗಳೂ ಸಾಧ್ವಿಯರೂ ಇದ್ದ ತಂಡವೊಂದರೊಡನೆ ಹರಿದ್ವಾರದ ಕಡೆಗೆ ಹೊರಟುಬಿಟ್ಟರು.

ಪರಿವ್ರಾಜಕ ಜೀವನ

ಅಲ್ಲಿಂದ ಮುಂದೆ ಹಲವು ವರ್ಷಗಳ ಕಾಲ ಅವರದು ಕಾಲ್ನಡೆಯ ಜೀವನ. ಹೃಷೀಕೇಶ, ಕೇದಾರ, ಬದರಿ, ಜ್ವಾಲಾಮುಖಿ, ಅಮರನಾಥ ಮೊದಲಾದ ಕ್ಷೇತ್ರಗಳನ್ನು ಕಂಡರು. ವೃಂದಾವನ, ದ್ವಾರಕೆ, ಪುರಿಗಳನ್ನು ಸಂದರ್ಶಿಸಿದರು. ಬದರೀಕ್ಷೇತ್ರವೆಂದರೆ ನಮ್ಮವರಿಗೆ ಶ್ರೀಮದಾಚಾರ್ಯರು ವೇದವ್ಯಾಸದೇವರ ದರ್ಶನಕ್ಕಾಗಿ ಹೋದ ಪುಣ್ಯಭೂಮಿ. ರೈಲೂ ರಸ್ತೆಯೂ ಇಲ್ಲದ ಆ ದುರ್ಗಮ ದಾರಿಯಲ್ಲಿ ಇಪ್ಪತ್ತು ವರ್ಷದ ತರುಣಿಯು ಕೊರಳಿಗೆ ದಾಮೋದರನನ್ನು ಕಟ್ಟಿಕೊಂಡು ನಡೆದರು. ಕಾಳಿಕಾದೇವಿಯ ಪಟ, ಚೈತನ್ಯರ ಪಟ, ಭಾಗವತ ಮತ್ತು ಚಂಡೀ ಗ್ರಂಥಗಳು, ಇಷ್ಟೇ ಅವರ ಗಂಟು.

ತರುಣಿಯು ಒಬ್ಬಳೇ ತಿರುಗುವುದರಲ್ಲಿರುವ ಅಪಾಯವನ್ನು ಅವರು ಅರಿಯದವರಲ್ಲ. ರೂಪವು ತಮಗೆ ಶತ್ರುವಾಗಬಾರದೆಂದು ತಲೆಗೂದಲನ್ನು ಕತ್ತರಿಸಿಕೊಂಡರು. ಮೈಗೆ ಮಣ್ಣನ್ನೋ ಬೂದಿಯನ್ನೋ ಬಳಿದುಕೊಂಡರು. ಕೆಲವೆಡೆ ಹುಚ್ಚಿಯಂತೆ ನಟಿಸಿದರು. ಕೆಲವೆಡೆ ರುಮಾಲು ಸುತ್ತಿ ನಿಲುವಂಗಿ ತೊಟ್ಟು ಪುರುಷವೇಷದಲ್ಲಿ ನಡೆದರು. ಭಿಕ್ಷೆಯು ದೊರೆತಾಗ ದಾಮೋದರನಿಗೆ ನಿವೇದಿಸಿ ಉಂಡರು. ದೊರೆಯದಾಗ ತುಳಸಿ ಮತ್ತು ನೀರಿನಿಂದಲೇ ಪೂಜೆಯನ್ನು ಮುಗಿಸಿ ಉಪವಾಸವಿದ್ದರು.

ಹೆಣ್ಣಿನ ಬದುಕನ್ನು ಅವರು ಪ್ರತ್ಯಕ್ಷವಾಗಿ ಕಂಡದ್ದೂ ಈ ಯಾತ್ರೆಯ ದಾರಿಯಲ್ಲಿಯೇ. ವಿಧವಾ ವಿವಾಹಕ್ಕೆ ಅನುಮತಿ ಕೊಡುವ ಕಾಯಿದೆಯು ಅವರು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1856ರಲ್ಲಿಯೇ ಆಗಿತ್ತು. ಆದರೆ ಅದರಿಂದ ಜನರ ಮನೆಗಳಲ್ಲಿ ಆದ ವ್ಯತ್ಯಾಸವು ಅತ್ಯಲ್ಪ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಬಂಗಾಳದ ಹೆಣ್ಣುಮಕ್ಕಳು ಕಾಶಿಗೋ ವೃಂದಾವನಕ್ಕೋ ಬಂದು, ಭಜನೆ ಮಾಡಿ ಹಿಡಿ ಅಕ್ಕಿಯನ್ನು ಪಡೆದು ಕಾಲ ಕಳೆಯುತ್ತಿದ್ದರು. ಭಗವನ್ನಾಮವು ಅವರ ಬಾಯಲ್ಲಿತ್ತು. ಆದರೆ ಅವರ ತಲೆಯ ಮೇಲೆ ಸೂರಿರಲಿಲ್ಲ, ಕೈಯಲ್ಲಿ ವಿದ್ಯೆಯಿರಲಿಲ್ಲ.

ದಕ್ಷಿಣೇಶ್ವರ

1882ರಲ್ಲಿ ಅವರು ಕಲಕತ್ತೆಗೆ ಬಂದು, ಬಲರಾಮ ಬಸು ಎಂಬ ವೈಷ್ಣವ ಗೃಹಸ್ಥರ ಮನೆಯಲ್ಲಿ ಇಳಿದುಕೊಂಡಿದ್ದರು. ಒಂದು ದಿನ ದಾಮೋದರನಿಗೆ ಅಭಿಷೇಕ ಮಾಡಿ ಪೀಠದಲ್ಲಿಡುವಾಗ ಅಲ್ಲಿ ಎರಡು ಜೀವಂತ ಪಾದಗಳು ಕಂಡವೆಂದೂ, ಶಿಲೆಗೆ ಅರ್ಪಿಸಿದ ತುಳಸಿಯು ಆ ಪಾದಗಳ ಮೇಲೆ ಬಿತ್ತೆಂದೂ, ಅವರು ಮೈಮರೆತು ಬಿದ್ದರೆಂದೂ ಪ್ರತೀತಿಯಿದೆ. ಅನಂತರ ಬಲರಾಮರೊಡನೆ ದಕ್ಷಿಣೇಶ್ವರಕ್ಕೆ ಹೋದಾಗ ಶ್ರೀರಾಮಕೃಷ್ಣರು ಹಾಡಿಕೊಳ್ಳುತ್ತ ಕಡ್ಡಿಗೆ ದಾರವನ್ನು ಸುತ್ತುತ್ತಿದ್ದರು. ಇವರು ಒಳಗೆ ಕಾಲಿಟ್ಟಾಗ ದಾರವು ಮುಗಿಯಿತು. ತಾವು ಕಂಡ ಪಾದಗಳು ಇವರವೇ ಎಂದು ಗೌರೀಮಾತೆಯವರು ಗುರುತಿಸಿದರು.

ಅಂದಿನಿಂದ ಅವರು ದಕ್ಷಿಣೇಶ್ವರದಲ್ಲಿ ನಹಬತ್ತೆಂಬ ಸಣ್ಣ ಕಟ್ಟಡದಲ್ಲಿ ಶ್ರೀಶಾರದಾದೇವಿಯವರ ಜೊತೆಗೆ ಆಗಾಗ ವಾಸಮಾಡತೊಡಗಿದರು. ಗುರುಗಳಿಂದ ಕಾಷಾಯವನ್ನು ಪಡೆದರು. ಗೌರೀಪುರೀ ಎಂಬುದು ಅವರ ಸಂನ್ಯಾಸನಾಮ.

ಈ ಕಾಲದ ಒಂದು ಪ್ರಸಂಗವು ಅವರ ಜೀವನದ ದಿಕ್ಕನ್ನೇ ತಿರುಗಿಸಿತು. ಒಂದು ಬೆಳಗ್ಗೆ ಅವರು ಪೂಜೆಗೆ ಹೂ ಕೊಯ್ಯುತ್ತಿದ್ದರು. ಗುರುಗಳು ಕೈಯಲ್ಲಿ ನೀರಿನ ಪಾತ್ರೆಯನ್ನು ಹಿಡಿದು ಬಂದು ನೆಲದ ಮೇಲೆ ನೀರನ್ನು ಸುರಿಯುತ್ತ, ತಾವು ನೀರನ್ನೆರೆಯುವುದಾಗಿಯೂ ಆಕೆಯು ಮಣ್ಣನ್ನು ಕಲಸಬೇಕೆಂದೂ ಹೇಳಿದರು. ಶಿಷ್ಯೆಯು ಮಾತನ್ನು ಅಕ್ಷರಶಃ ತಿಳಿದು, ಇಲ್ಲಿ ಮಣ್ಣೆಲ್ಲಿದೆ, ಬರಿಯ ಹರಳುಕಲ್ಲುಗಳಿವೆಯಲ್ಲ ಎಂದರು. ಗುರುಗಳು ನಕ್ಕು, ತಾವು ಹೇಳಿದ್ದೇನು, ನೀನು ತಿಳಿದದ್ದೇನು ಎಂದು ಕೇಳಿ, ಈ ದೇಶದ ಹೆಣ್ಣುಮಕ್ಕಳ ದುಃಖವು ಅಪಾರವಾಗಿದೆ, ಅವರಿಗಾಗಿ ನೀನು ಕೆಲಸಮಾಡಬೇಕು ಎಂದು ಅರ್ಥವನ್ನು ಬಿಡಿಸಿದರು. ಗದ್ದಲದ ಊರು ತನಗೆ ಒಗ್ಗದು, ಕೆಲವು ಹುಡುಗಿಯರನ್ನು ಕೊಟ್ಟರೆ ಹಿಮಾಲಯಕ್ಕೆ ಕರೆದೊಯ್ದು ತಿದ್ದುತ್ತೇನೆ ಎಂದು ಶಿಷ್ಯೆಯು ಬೇಡಿಕೊಂಡರು. ಗುರುಗಳು ಒಪ್ಪಲಿಲ್ಲ. ತಪಸ್ಸು ಸಾಕಷ್ಟಾಗಿದೆ, ಈ ಊರಿನಲ್ಲಿಯೇ ನಿಂತು ಮಾಡಬೇಕೆಂದು ಆಜ್ಞಾಪಿಸಿದರು.

ಬಂಧನವೆಂದು ಮನೆಯನ್ನೇ ಬಿಟ್ಟು ಬಂದವರಿಗೆ ಇದು ಸುಲಭದ ಆಜ್ಞೆಯಲ್ಲ. ಒಬ್ಬ ದಾಮೋದರನನ್ನು ಕೊರಳಲ್ಲಿ ಕಟ್ಟಿಕೊಂಡು ಹಿಮಾಲಯವನ್ನೇರುವುದು ಅವರಿಗೆ ಹಗುರಾಗಿತ್ತು. ಊರಿನ ಮಧ್ಯದಲ್ಲಿ ಕುಳಿತು ಪರರ ಮಕ್ಕಳ ಅನ್ನ, ಬಟ್ಟೆ, ಕಾಯಿಲೆ, ಮದುವೆಗಳ ಚಿಂತೆಯನ್ನು ಹೊರುವುದು ಭಾರವಾದದ್ದು. ಅವರು ಆ ಭಾರವನ್ನು ತಕ್ಷಣವೇ ಹೊರಲಿಲ್ಲವೆಂಬುದನ್ನೂ ಹೇಳಬೇಕು. ಆಜ್ಞೆಗೂ ಅದರ ಆಚರಣೆಗೂ ನಡುವೆ ಹತ್ತಕ್ಕೂ ಹೆಚ್ಚು ವರ್ಷಗಳು ಕಳೆದವು.

ವೃಂದಾವನದ ನಿರ್ಣಯ

1886ರ ಆಗಸ್ಟ್ 16ರಂದು ಶ್ರೀರಾಮಕೃಷ್ಣರು ದೇಹವನ್ನು ಬಿಟ್ಟಾಗ ಗೌರೀಮಾತೆಯವರು ವೃಂದಾವನದ ಕಡೆ ತಪಸ್ಸಿನಲ್ಲಿದ್ದರು. ಕೊನೆಯ ದರ್ಶನವೂ ಆಗಲಿಲ್ಲವೆಂಬ ದುಃಖವು ಅವರನ್ನು ಬಹಳ ಬಾಧಿಸಿತು. ಅದೇ ವರ್ಷ ಶಾರದಾದೇವಿಯವರು ವೃಂದಾವನಕ್ಕೆ ಬಂದು ಅವರನ್ನು ಹುಡುಕಿಸಿ ಕಂಡರು.

ಆಗ ಶಾರದಾದೇವಿಯವರ ಮನಸ್ಸಿನಲ್ಲಿ ಒಂದು ತೊಳಲಾಟವಿತ್ತು. ಪತಿಯ ದೇಹಾಂತದ ನಂತರ ಅವರು ಬಳೆಗಳನ್ನು ತೆಗೆಯಲು ಹೊರಟಾಗ, ತಾನು ಎಲ್ಲಿಗೂ ಹೋಗಿಲ್ಲವೆಂದು ಸ್ವಾಮಿಯು ದರ್ಶನವಿತ್ತು ತಡೆದನೆಂದು ಅವರು ನಂಬಿದ್ದರು. ಲೋಕವಾದರೋ ಆಡಿಕೊಳ್ಳುತ್ತಿತ್ತು. ಶಾಸ್ತ್ರವೇನು ಹೇಳುತ್ತದೆಂದು ಗೌರಿಯನ್ನು ಕೇಳಬೇಕೆಂಬುದು ಅವರಿಗಾದ ಅಪ್ಪಣೆ. ಗೌರೀಮಾತೆಯವರು ವೈಷ್ಣವತಂತ್ರದ ಆಧಾರದಿಂದ, ಯಾರ ಪತಿಯು ಚಿನ್ಮಯನೋ ಆಕೆಗೆ ವೈಧವ್ಯವೆಂಬುದಿಲ್ಲ ಎಂದು ನಿರ್ಣಯವನ್ನು ಹೇಳಿದರು. ಶಾರದಾದೇವಿಯವರು ಕೊನೆಯವರೆಗೂ ಬಳೆಗಳನ್ನು ತೆಗೆಯಲಿಲ್ಲ. ಒಬ್ಬ ಸ್ತ್ರೀಯ ಧರ್ಮಸಂಕಟಕ್ಕೆ ಮತ್ತೊಬ್ಬ ಸ್ತ್ರೀಯು ಶಾಸ್ತ್ರಾಧಾರದಿಂದ ಸಮಾಧಾನವನ್ನು ಹೇಳಿದಳೆಂಬುದು ಆ ಕಾಲಕ್ಕೆ ಸಾಮಾನ್ಯವಾದ ಸಂಗತಿಯಲ್ಲ. ಮನೆಯಲ್ಲಿ ಕುಳಿತು ಓದಿದ ಮುಗ್ಧಬೋಧವು ಇಲ್ಲಿ ಫಲಿಸಿತು.

ಆಶ್ರಮ ಸ್ಥಾಪನೆ

ಮತ್ತೆ ಕೆಲವು ವರ್ಷಗಳ ಯಾತ್ರೆಯ ಅನಂತರ, 1895ರಲ್ಲಿ, ಕಲಕತ್ತೆಯ ಉತ್ತರಕ್ಕೆ ಗಂಗಾತೀರದ ಬ್ಯಾರಕ್‌ಪುರದಲ್ಲಿ ಅವರು ಆಶ್ರಮವನ್ನು ಸ್ಥಾಪಿಸಿದರು. ಅದಕ್ಕೆ ಗುರುಪತ್ನಿಯ ಹೆಸರನ್ನಿಟ್ಟು ಶ್ರೀ ಶಾರದೇಶ್ವರೀ ಆಶ್ರಮವೆಂದು ಕರೆದರು. ಅದೊಂದು ಗುಡಿಸಲಿನ ಆಶ್ರಮ. ಅವಿವಾಹಿತೆಯರು, ವಿಧವೆಯರು, ಮನೆಯಲ್ಲಿ ನೆಲೆಯಿಲ್ಲದ ಗೃಹಿಣಿಯರು ಬಂದು ಸೇರಿದರು. ಹಿಂದೂ ಆಚಾರಕ್ಕೆ ಅನುಗುಣವಾದ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಕೊಡುವುದು, ನಿರ್ಗತಿಕರಾದ ಸತ್ಕುಲದ ಹುಡುಗಿಯರಿಗೂ ವಿಧವೆಯರಿಗೂ ಆಶ್ರಯವೀಯುವುದು, ಇಂತಹ ಸೇವೆಗಾಗಿಯೇ ಜೀವನವನ್ನು ಮುಡಿಪಾಗಿಡುವ ಸ್ತ್ರೀಯರನ್ನು ಸಿದ್ಧಗೊಳಿಸುವುದು, ಇವು ಅದರ ಉದ್ದೇಶಗಳಾಗಿದ್ದವು.

ಕಲಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆಗಳು ಆಗ ಇಲ್ಲದಿರಲಿಲ್ಲ. ಬೆಥೂನರ ಶಾಲೆಯು 1849ರಲ್ಲಿಯೇ ಆರಂಭವಾಗಿತ್ತು. ಸೋದರಿ ನಿವೇದಿತೆಯ ಶಾಲೆಯು 1898ರಲ್ಲಿ ಬಾಗ್‌ಬಜಾರಿನಲ್ಲಿ ತೊಡಗಿತು. ಆದರೆ ಸಂನ್ಯಾಸಿನಿಯೊಬ್ಬಳು ತಾನೇ ಭೂಮಿಯನ್ನು ಹುಡುಕಿ, ತಾನೇ ಭಿಕ್ಷೆಯೆತ್ತಿ, ಸ್ತ್ರೀಯರಿಂದಲೇ ನಡೆಯುವ ಆಶ್ರಮವನ್ನು ಕಟ್ಟಿದ್ದು ಹೊಸದಾಗಿತ್ತು. ಸ್ವಾಮಿ ವಿವೇಕಾನಂದರು 1894ರಲ್ಲಿ ಅಮೆರಿಕೆಯಿಂದ ತಮ್ಮ ಗುರುಬಂಧುಗಳಿಗೆ ಬರೆದ ಪತ್ರದಲ್ಲಿ ಗೌರೀಮಾತೆಯವರನ್ನು ನೆನೆದು, ಅಂತಹ ತೇಜಸ್ವಿನಿಯರು ಸಾವಿರ ಮಂದಿ ಬೇಕೆಂಬ ಆಶಯವನ್ನು ತಿಳಿಸಿದ್ದರು. ಅವರು ಬಯಸಿದ ಸ್ತ್ರೀಮಠವು ದಕ್ಷಿಣೇಶ್ವರದಲ್ಲಿ ಶ್ರೀ ಶಾರದಾ ಮಠವೆಂಬ ಹೆಸರಿನಿಂದ ಸ್ಥಾಪಿತವಾದದ್ದು 1954ರಲ್ಲಿ. ಗೌರೀಮಾತೆಯವರ ಆಶ್ರಮವು ಅದಕ್ಕಿಂತ ಐವತ್ತೊಂಬತ್ತು ವರ್ಷ ಹಿಂದಿನದು.

ಆಶ್ರಮಕ್ಕೆ ಮೂಲಧನವಿರಲಿಲ್ಲ. ಉಗ್ರಾಣ ಬರಿದಾದಾಗ ಗೌರೀಮಾತೆಯವರು ಜೋಳಿಗೆಯನ್ನು ಹಿಡಿದು ಕಲಕತ್ತೆಯ ಮನೆಗಳ ಮುಂದೆ ನಿಲ್ಲುತ್ತಿದ್ದರು. ತಮಗಾಗಿ ಭಿಕ್ಷೆ ಬೇಡುವುದು ಸಂನ್ಯಾಸಿಗೆ ಧರ್ಮವೇ. ಆದರೆ ಇಪ್ಪತ್ತು ಮೂವತ್ತು ಮಂದಿಯ ಹಸಿವನ್ನು ಹೊತ್ತುಕೊಂಡು ಬೇಡುವುದು ಬೇರೆ. ಕೊಡುವವರಿಗಿಂತ ಪ್ರಶ್ನಿಸುವವರು ಹೆಚ್ಚು. ವಿಧವೆಯರಿಗೆ ವಿದ್ಯೆಯೇಕೆ, ಮದುವೆಯಿಲ್ಲದ ಹುಡುಗಿಯರನ್ನು ಒಂದೆಡೆ ಸೇರಿಸುವುದು ಸರಿಯೇ ಎಂಬ ಶಂಕೆಗಳು ಆ ಕಾಲದ ಸಮಾಜದಲ್ಲಿ ಎಲ್ಲೆಲ್ಲಿಯೂ ಇದ್ದವು. ಅವರು ವಾದಕ್ಕೆ ಹೆದರುವವರಲ್ಲ. ಪಂಡಿತರೊಡನೆ ಶಾಸ್ತ್ರವಚನಗಳಿಂದಲೂ, ಗೃಹಸ್ಥರೊಡನೆ ಮನೆಮಾತಿನಿಂದಲೂ ಮಾತನಾಡಬಲ್ಲವರಾಗಿದ್ದರು.

ಆಶ್ರಮದ ದಿನಚರಿಯು ದಾಮೋದರನ ಪೂಜೆಯ ಸುತ್ತಲೇ ಹೆಣೆದುಕೊಂಡಿತ್ತು. ಬೆಳಕು ಹರಿಯುವ ಮೊದಲು ಏಳುವುದು, ಸ್ನಾನ, ಪೂಜೆ, ಸ್ತೋತ್ರಪಾಠ. ಅನಂತರ ಅಡಿಗೆ, ಪಾಠ, ಹೊಲಿಗೆ, ನೇಯ್ಗೆ. ಸಂಜೆ ಮತ್ತೆ ಆರತಿ. ದಾಮೋದರನ ನೈವೇದ್ಯವನ್ನು ಗೌರೀಮಾತೆಯವರು ಬಹುಕಾಲ ತಾವೇ ಅಡಿಗೆಮಾಡಿ ಅರ್ಪಿಸುತ್ತಿದ್ದರು. ಮಡಿ ಆಚಾರಗಳಲ್ಲಿ ಅವರು ಕಟ್ಟುನಿಟ್ಟು. ಪಾತ್ರೆಯನ್ನು ತಿಕ್ಕುವುದರಲ್ಲಿ ಅಲಕ್ಷ್ಯವಾದರೂ, ಉಚ್ಚಾರದಲ್ಲಿ ತಪ್ಪಾದರೂ ಅವರು ಸುಮ್ಮನಿರುವವರಲ್ಲ. ಅವರ ಗದರಿಕೆಗೆ ಎಲ್ಲರೂ ಅಂಜುತ್ತಿದ್ದರು. ಆದರೆ ಕಾಯಿಲೆಯ ಹುಡುಗಿಯ ತಲೆದೆಸೆಯಲ್ಲಿ ರಾತ್ರಿಯೆಲ್ಲ ಕುಳಿತಿರುವವರೂ ಅವರೇ. ಪೂಜೆಯಲ್ಲಿ ಕಲಿತ ಏಕಾಗ್ರತೆಯೂ ಶುಚಿಯೂ ಕಾಲನಿಯಮವೂ ಅವರಲ್ಲಿ ಆಡಳಿತದ ಗುಣಗಳಾದವು. ಬೇರೆ ಆಡಳಿತ ಶಾಸ್ತ್ರವನ್ನು ಅವರು ಓದಿದವರಲ್ಲ.

ಇಲ್ಲಿ ಒಂದು ವಿಷಯವು ವಿಶೇಷವಾಗಿ ಗಮನಾರ್ಹ. ತಾವು ವಿವಾಹವನ್ನು ಬಿಟ್ಟುಬಂದವರಾದರೂ ಆಶ್ರಮದ ಹುಡುಗಿಯರೆಲ್ಲರೂ ತಮ್ಮಂತೆಯೇ ಆಗಬೇಕೆಂದು ಅವರು ಬಯಸಲಿಲ್ಲ. ಓದಿ ಗೃಹಿಣಿಯರಾಗುವವರು ಉತ್ತಮ ಗೃಹಿಣಿಯರಾಗಲಿ, ವೈರಾಗ್ಯವುಳ್ಳವರು ವ್ರತವನ್ನು ತೆಗೆದುಕೊಳ್ಳಲಿ ಎಂಬುದು ಅವರ ಮತ. ತಮಗೆ ಹದಿಮೂರನೆಯ ವಯಸ್ಸಿನಲ್ಲಿ ಇಲ್ಲದಿದ್ದ ಆಯ್ಕೆಯನ್ನು ಅವರು ಈ ಹುಡುಗಿಯರಿಗೆ ಕೊಟ್ಟರು. ವ್ರತವನ್ನು ಸ್ವೀಕರಿಸಿದವರಿಂದ ಆಶ್ರಮವನ್ನು ಮುಂದೆ ನಡೆಸತಕ್ಕ ಮಾತೃಸಂಘವು ಬೆಳೆಯಿತು.

1911ರಲ್ಲಿ ಆಶ್ರಮವು ಕಲಕತ್ತೆಯ ಗೋವಾಬಗಾನಿನ ಬಾಡಿಗೆಯ ಮನೆಗೆ ಬಂದಿತು. ನಗರದ ಹುಡುಗಿಯರು ಹಗಲು ಬಂದು ಓದಿಹೋಗಲು ಇದರಿಂದ ಅನುಕೂಲವಾಯಿತು. ಗದ್ದಲದ ಊರು ಒಗ್ಗದೆಂದವರು ಊರಿನ ಒಳಗೇ ಬಂದು ನಿಂತರು. ಗುರುಗಳ ಆಜ್ಞೆಯು ಪೂರ್ಣವಾಗಿ ನೆರವೇರಿತು. ಶಾರದಾದೇವಿಯವರು 1920ರ ಜುಲೈ 20ರಂದು ದೇಹವನ್ನು ಬಿಡುವವರೆಗೂ ಈ ಆಶ್ರಮದ ಮೇಲೆ ತಮ್ಮ ಕೃಪೆಯನ್ನಿರಿಸಿದ್ದರು. 1924ರಲ್ಲಿ ಉತ್ತರ ಕಲಕತ್ತೆಯ ಮಹಾರಾಣಿ ಹೇಮಂತಕುಮಾರಿ ಬೀದಿಯಲ್ಲಿ ಆಶ್ರಮಕ್ಕೆ ಸ್ವಂತ ಕಟ್ಟಡವಾಯಿತು. ಗುಡಿಸಲಿನಿಂದ ಸ್ವಂತ ಮನೆಗೆ ಬರಲು ಇಪ್ಪತ್ತೊಂಬತ್ತು ವರ್ಷಗಳು ಹಿಡಿದವು. ಆಗ ಗೌರೀಮಾತೆಯವರಿಗೆ ಅರವತ್ತೇಳು ವಯಸ್ಸು.

ಅಂತಿಮ ದಿನಗಳು

ಸಂಸ್ಥೆಯನ್ನು ಕಟ್ಟುವುದಕ್ಕಿಂತ ಅದನ್ನು ಬಿಟ್ಟುಕೊಡುವುದು ಕಷ್ಟ. ಅನೇಕ ಸಂಸ್ಥೆಗಳು ಕಟ್ಟಿದವರೊಡನೆಯೇ ಮುಗಿದುಹೋಗುವುದು ಈ ಕಾರಣದಿಂದಲೇ. ಗೌರೀಮಾತೆಯವರು ಬಹಳ ಹಿಂದಿನಿಂದಲೇ ಉತ್ತರಾಧಿಕಾರಿಣಿಯನ್ನು ಸಿದ್ಧಗೊಳಿಸಿದ್ದರು. ದುರ್ಗಾ ಎಂಬ ಬಾಲಿಕೆಯನ್ನು ಎಳವೆಯಿಂದಲೇ ಸಾಕಿ, ಪುರಿಯ ಜಗನ್ನಾಥನಿಗೆ ಸಮರ್ಪಿಸಿ, ಸಂಸ್ಕೃತವನ್ನು ಓದಿಸಿ ಬೆಳೆಸಿದ್ದರು. ಆಕೆಯೇ ಮುಂದೆ ದುರ್ಗಾಪುರೀದೇವಿಯೆಂದು ಪ್ರಸಿದ್ಧರಾದರು.

1938ರ ಮಹಾಶಿವರಾತ್ರಿಯ ಸಮಯದಲ್ಲಿ, ಎಂಬತ್ತು ವರ್ಷ ದಾಟಿದ ಗೌರೀಮಾತೆಯವರು, ಗುರುಗಳು ದಾರವನ್ನು ಎಳೆಯುತ್ತಿದ್ದಾರೆಂದು ಸುತ್ತಲಿದ್ದವರಿಗೆ ತಿಳಿಸಿದರು. ದಕ್ಷಿಣೇಶ್ವರದ ಮೊದಲ ದರ್ಶನದಲ್ಲಿ ಕಂಡ ದಾರವದು. ಅನಂತರ ದಾಮೋದರನನ್ನು ತರಿಸಿಕೊಂಡು, ಶಿರಸ್ಸಿನ ಮೇಲೂ ಎದೆಯ ಮೇಲೂ ಇರಿಸಿಕೊಂಡು, ಸ್ವಾಮಿಯ ಸೇವೆಯನ್ನು ದುರ್ಗಾದೇವಿಯ ಕೈಗೆ ಒಪ್ಪಿಸಿದರು. ವೃಂದಾವನದ ತಾಯಿಯೊಬ್ಬಳು ತನಗೆ ಕೊಟ್ಟದ್ದನ್ನು ಅದೇ ರೀತಿಯಲ್ಲಿ ಇನ್ನೊಬ್ಬಳಿಗೆ ಕೊಟ್ಟಾಯಿತು. ಆ ಬಳಿಕ ಗುರುನಾಮವನ್ನು ಉಚ್ಚರಿಸುತ್ತ ಶಾಂತರಾಗಿ ದೇಹತ್ಯಾಗ ಮಾಡಿದರು. ದುರ್ಗಾಪುರೀದೇವಿಯವರು 1963ರಲ್ಲಿ ತಾವು ದೇಹಬಿಡುವವರೆಗೆ ಆ ಪೂಜೆಯನ್ನೂ ಆಶ್ರಮವನ್ನೂ ನಡೆಸಿದರು. ಗೌರೀಮಾತೆಯವರ ಚರಿತ್ರೆಯನ್ನು ಬಂಗಾಳಿಯಲ್ಲಿ ಬರೆದವರೂ ಅವರೇ.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದದ್ದೇನು? ಇಂದು ನಮ್ಮ ಊರುಗಳಲ್ಲಿ ಮಹಿಳೆಯರ ಭಜನಾ ಮಂಡಳಿಗಳಿವೆ, ಪಾರಾಯಣ ಸಂಘಗಳಿವೆ. ಉತ್ಸವದ ದಿನಗಳಲ್ಲಿ ಅವರಿಲ್ಲದೆ ದೇವಸ್ಥಾನದ ಕೆಲಸವು ಸಾಗುವುದಿಲ್ಲ. ಭಗವಂತನ ಸೇವೆಗೆಂದು ಕೂಡಿದವರು, ಅದೇ ಬೀದಿಯಲ್ಲಿ ಫೀಸು ಕಟ್ಟಲಾರದೆ ಓದು ಬಿಟ್ಟ ಹುಡುಗಿಯನ್ನೂ, ನೋಡಿಕೊಳ್ಳುವವರಿಲ್ಲದೆ ಒಂಟಿಯಾಗಿರುವ ವೃದ್ಧೆಯನ್ನೂ ಸೇವೆಯ ಎಲ್ಲೆಯೊಳಗೆ ತಂದುಕೊಂಡರೆ ಭಜನೆಗೆ ಲೋಪವೇನೂ ಆಗದು. ಗೌರೀಮಾತೆಯವರು ಜನಸೇವೆಗಾಗಿ ಪೂಜೆಯನ್ನು ಕಡಿಮೆಮಾಡಲಿಲ್ಲ. ಪೂಜೆಯ ನೆಪದಿಂದ ಜನರನ್ನು ದೂರವಿಡಲೂ ಇಲ್ಲ. ಎಲ್ಲ ಬಂಧನಗಳನ್ನು ಕಳಚಿ ದಾಮೋದರನ ಬಳಿಗೆ ಹೋದವರನ್ನು ಆ ಸ್ವಾಮಿಯೇ ಹಿಂದಿರುಗಿಸಿ, ಹೆಣ್ಣುಮಕ್ಕಳ ದುಃಖವೆಂಬ ಹಗ್ಗದಲ್ಲಿ ಕಟ್ಟಿದನು. ಅವರು ಬಳಲಿದರು, ಆದರೆ ಬಿಡಿಸಿಕೊಳ್ಳಲಿಲ್ಲ.

ಕಾರ್ತೀಕ ದೀಪವನ್ನು ಹಚ್ಚುವಾಗ ಈ ತಾಯಿಯನ್ನೂ ಒಮ್ಮೆ ನೆನೆಯೋಣ. ದಾಮೋದರನು ಎಲ್ಲ ಮನೆಗಳ ಹೆಣ್ಣುಮಕ್ಕಳನ್ನು ವಿದ್ಯಾವಿನಯಗಳಿಂದಲೂ ಭಕ್ತಿಯಿಂದಲೂ ಕೂಡಿದವರನ್ನಾಗಿ ಮಾಡಿ ಕಾಪಾಡಲಿ.

ಶ್ರೀಕೃಷ್ಣಾರ್ಪಣಮಸ್ತು